ಗುಡಿಸದ ಹೊಲದ ಅಳಿಯ

ಜನವರಿ ತಿಂಗಳಲ್ಲಿ ನಮ್ಮ ಕಾಂಜೆರೆ ಊರಿನ ಯಾವ ಮನೆಯ ಕಣಜಕ್ಕೆ ಕೈ ಹಾಕಿದರೂ ತಳವೇ ಸಿಗುತ್ತದೆ. ನಮ್ಮಲ್ಲಿ ಮಳೆ ಶುರುವಾಗುವುದೇ ನವೆಂಬರಿನಲ್ಲಿ, ಹೊಸ ಮುಸುಕಿನ ಜೋಳ ಬರಬೇಕಾದರೆ ಏಪ್ರಿಲ್ ಆಗಬೇಕು. ಅಲ್ಲಿಯವರೆಗೆ ಹೊಟ್ಟೆಯ ಗತಿ? ಉಳ್ಳವರ ಹೊಲಕ್ಕೆ ಕಳೆ ಕೀಳಲು ಹೋಗುತ್ತೇವೆ. ಅತ್ತ ನಮ್ಮ ಹೊಲದ ಕಳೆ ನಮ್ಮ ಬೆಳೆಯನ್ನೇ ನುಂಗುತ್ತಿರುತ್ತದೆ. ನಾನು ಒಂದನೇ ತರಗತಿಗೇ ಶಾಲೆ ಬಿಟ್ಟಿದ್ದು ಇಂಥದೇ ಒಂದು ಜನವರಿಯಲ್ಲಿ. ಮೇಷ್ಟ್ರ ಕೋಲಿಗೆ ಹೆದರಿ ಅಲ್ಲ, ಹಸಿದ ಹೊಟ್ಟೆಯಲ್ಲಿ ಬೆಂಚಿನ ಮೇಲೆ ಕೂರಲಾಗದೆ.

ದೊಡ್ಡವರನ್ನು ಕೇಳಿದರೆ "ಮಳೆ ಕೈಕೊಡ್ತು" ಅನ್ನುತ್ತಾರೆ. ಸುಳ್ಳು. ಮಳೆ ಬರುತ್ತದೆ. ಬಂದ ಮಳೆಯನ್ನು ನಾವೇ ಹೊಲದಿಂದ ಆಚೆ ಅಟ್ಟುತ್ತೇವೆ. ಅದು ಹೋಗುವಾಗ ಸುಮ್ಮನೆ ಹೋಗುವುದಿಲ್ಲ, ಮೇಲುಮಣ್ಣನ್ನೂ ಹೊತ್ತುಕೊಂಡು ಕೆಂಪಗೆ ಹಳ್ಳ ಸೇರುತ್ತದೆ. ಇದನ್ನು ನಮಗೆ ಒಬ್ಬರೂ ಹೇಳಿರಲಿಲ್ಲ. ಅದೇ ನನ್ನ ಸಿಟ್ಟು.

ನಾನು, ಬಿಝೆಕಿ, ಈ ಊರಿನವನಲ್ಲ, ಈ ಊರಿನ ಅಳಿಯ. ನಮ್ಮಲ್ಲಿ ಭೂಮಿ ಹೆಣ್ಣಿನದು. ಗಂಡಾದವನು ಹೆಂಡತಿಯ ಊರಿಗೆ ಬಂದು, ಅವಳ ಹೊಲದಲ್ಲಿ ದುಡಿದು, ತಾನು ಎಂಥವನೆಂದು ಅವಳ ಸೋದರಮಾವನಿಗೆ ತೋರಿಸಬೇಕು. ಮಾವನಿಗೆ ಒಪ್ಪಿಗೆಯಾದರೆ ಇರು. ಇಲ್ಲವಾದರೆ ಚಾಪೆ ಸುತ್ತಿ, ಗುದ್ದಲಿ ಹೆಗಲಿಗಿಟ್ಟು, ನಿನ್ನ ತಾಯಿಯ ಊರಿಗೆ ನಡೆ. ಮಕ್ಕಳು ಹೆಂಡತಿಯ ಹತ್ತಿರವೇ ಉಳಿಯುತ್ತಾರೆ. ನನಗೆ ಆಗ ಇಬ್ಬರು ಮಕ್ಕಳು.

ಅಳಿಯನನ್ನು ಅಳೆಯುವುದು ಹೇಗೆ? ಹೊಲ ಗುಡಿಸುವುದರಲ್ಲಿ. ಸುಗ್ಗಿ ಮುಗಿದ ಮೇಲೆ ಹೊಲದಲ್ಲಿ ಒಂದು ದಂಟು, ಒಂದು ಒಣ ಎಲೆ ಕಾಣಬಾರದು. ಎಲ್ಲವನ್ನೂ ಬಳಿದು, ರಾಶಿ ಹಾಕಿ, ಬೆಂಕಿ ಇಡಬೇಕು. ಬಿಲದಿಂದ ಎದ್ದು ಓಡುವ ಇಲಿಗಳನ್ನು ಹಿಡಿದು ಹುರಿದು, ಮುದ್ದೆಯ ಜೊತೆ ತಿನ್ನಬೇಕು. ಹೊಲ ಅಂಗಳದ ಹಾಗೆ ಬೋಳಾದರೆ ಹೋಗಿಬರುವವರು "ಒಳ್ಳೇ ಅಳಿಯ ಸಿಕ್ಕಿದಾನೆ" ಅನ್ನುತ್ತಾರೆ. ನಾನೂ ಐದು ವರ್ಷ ಗುಡಿಸಿದೆ. ಐದು ವರ್ಷವೂ ಕಣಜ ಜನವರಿಗೇ ಮುಗಿಯಿತು.

ಊರಿನ ಫಲೆಸಕ್ಕ ತನ್ನ ಮನೆಯ ಮಾವಿನ ಮರದ ಕೆಳಗೆ ದೊಡ್ಡವರಿಗೆ ಓದು ಕಲಿಸುತ್ತಾಳೆ. ವಾರಕ್ಕೆ ಮೂರು ಮಧ್ಯಾಹ್ನ. ಹೆಂಗಸರೇ ಹೆಚ್ಚು. ನನ್ನ ಹೆಂಡತಿ ಎನೆಲೆಸಿ ಒಂದು ವರ್ಷದಿಂದ ಹೋಗುತ್ತಿದ್ದಳು. ಒಂದು ದಿನ ನನ್ನನ್ನೂ ಹೊರಡಿಸಿದಳು.

"ಬರ್ರೀ, ಹೆಸರು ಬರೆಯೋಕಾದ್ರೂ ಕಲೀರಿ."

"ನನ್ನ ಹೆಸರು ಎಲ್ಲರಿಗೂ ಗೊತ್ತು. ಬರೆದು ಯಾರಿಗೆ ತೋರಿಸ್ಲಿ?"

"ಹಂಗಾದ್ರೆ ಸುಮ್ನೆ ನೆರಳಿಗೆ ಕೂತ್ಕೊಳಿ. ನೆರಳಿಗೇನು ಓದು ಬರಬೇಕಾ?"

ಹೋದೆ. ಫಲೆಸಕ್ಕನ ಪಾಠದಲ್ಲಿ ರಾಜರಾಣಿಯರ ಕಥೆ ಇರಲಿಲ್ಲ. ಬೀಜ, ಮಣ್ಣು, ಗುದ್ದಲಿ, ಗೊಬ್ಬರ, ಇವೇ ಅವಳ ಅಕ್ಷರಮಾಲೆ. ಎರಡು ತಿಂಗಳಾದ ಮೇಲೆ ನಾನು ತಡವರಿಸುತ್ತಾ ಮೊದಲ ಸಲ ಒಂದು ಪೂರ್ತಿ ಸಾಲು ಓದಿದೆ. "ಮಣ್ಣಿಗೆ ಹೊದಿಕೆ ಬೇಕು." ಎಲ್ಲರೂ ಚಪ್ಪಾಳೆ ತಟ್ಟಿದರು. ನನಗೆ ಚಪ್ಪಾಳೆ ಬೇಕಿರಲಿಲ್ಲ.

"ಹಂಗಂದ್ರೆ ಏನಕ್ಕ?"

"ದಂಟು, ಎಲೆ ಎಲ್ಲ ಹೊಲದಲ್ಲೇ ಹರಡಿ ಬಿಡಬೇಕು ಅಂತ. ಬಿಸಿಲು ಮಣ್ಣಿಗೆ ನೇರವಾಗಿ ತಾಗಲ್ಲ. ಮಳೆ ಬಿದ್ರೆ ಓಡಲ್ಲ, ನಿಧಾನಕ್ಕೆ ಇಳಿಯುತ್ತೆ. ದಂಟು ಕೊಳೆತರೆ ಅದೇ ಗೊಬ್ಬರ."

"ಮತ್ತೆ ಇಷ್ಟು ವರ್ಷ ನಾವು ಸುಟ್ಟಿದ್ದು?"

"ಮಣ್ಣಿನ ಊಟ."

"ಇದನ್ನ ನಮಗೆ ಮೊದಲೇ ಯಾರೂ ಯಾಕೆ ಹೇಳ್ಲಿಲ್ಲ?"

"ಹೇಳೋಕೆ ಕೃಷಿ ಇಲಾಖೆಯವರು ಒಬ್ಬರು ಬಂದಿದ್ರಲ್ಲ, ಮೋಟಾರ್ ಸೈಕಲ್ ಮೇಲೆ. ಇಂಗ್ಲಿಷ್ ಕಾಗದ ಹಂಚಿ ಹೋದ್ರು. ನಿಮ್ಮ ಗಂಡಸರು ಅದರಲ್ಲಿ ತಂಬಾಕು ಸುತ್ತಿ ಸೇದಿದ್ರು."

ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. ಸೇದಿದವರಲ್ಲಿ ನಾನೂ ಒಬ್ಬ.

ಆ ವರ್ಷ ಸುಗ್ಗಿಯಾದ ಮೇಲೆ ನಾನು ಹೊಲ ಗುಡಿಸಲಿಲ್ಲ. ದಂಟುಗಳನ್ನು ಕಡಿದು, ಅಡ್ಡಡ್ಡ ಮಲಗಿಸಿ, ಇಡೀ ಹೊಲಕ್ಕೆ ಹೊದಿಸಿದೆ. ಬೋಳು ಹೊಲಗಳ ನಡುವೆ ನಮ್ಮದು ಬಾಚದ ತಲೆಯ ಹಾಗೆ ಕಾಣುತ್ತಿತ್ತು. ಪಕ್ಕದ ಹೊಲದ ಲಾಮೆಕಿ ಬದುವಿನ ಮೇಲೆ ನಿಂತು ಕೇಳಿದ:

"ಏನಪ್ಪಾ ಅಳಿಯ, ಮುರಿದಿದ್ದು ಪೊರಕೇನೋ ಸೊಂಟಾನೋ?"

"ಎರಡೂ ಗಟ್ಟಿಯಾಗಿದೆ. ನಿನ್ನ ಹೊಲದ ದಂಟೂ ಬೇಡವಾದ್ರೆ ಇತ್ತ ಎಸೆ."

ಮೂರು ದಿನದಲ್ಲಿ ಮಾತು ಮಾವನ ಕಿವಿಗೆ ಬಿತ್ತು. ಎನೆಲೆಸಿಯ ಸೋದರಮಾವ ಸಿನೋಯ ಅರವತ್ತು ದಾಟಿದವರು. ತಂಗಿಯಂದಿರು, ತಂಗಿಯರ ಹೆಣ್ಣುಮಕ್ಕಳು, ಅವರ ಮಕ್ಕಳು, ಎಲ್ಲರ ಹೊಣೆಯೂ ಅವರದೇ. ಊರುಗೋಲು ಕುಟ್ಟುತ್ತಾ ಬಂದವರು ಹೊಲದ ಅಂಚಿನಲ್ಲೇ ನಿಂತರು.

"ಏನು ಅಳಿಯಂದಿರೆ, ಮೈ ಸರಿ ಇಲ್ವಾ?"

"ಚೆನ್ನಾಗಿದೀನಿ ಮಾವ."

"ಮತ್ತೆ ಇದೇನು ಕಸ? ನಮ್ಮಜ್ಜಿ ಗುಡಿಸಿದ ಹೊಲ ಇದು. ನಮ್ಮವ್ವ ಗುಡಿಸಿದ ಹೊಲ."

"ಇದು ಕಸ ಅಲ್ಲ ಮಾವ, ಹೊದಿಕೆ. ಫಲೆಸಕ್ಕನ ಪಾಠದಲ್ಲಿ ಓದಿದ್ದು."

"ಓಹೋ. ಓದಿದೋರಿಗೆ ಗುಡಿಸೋಕೆ ಬರಲ್ವಾ? ದಂಟು ಬಿಟ್ರೆ ಗೆದ್ದಲು ಬರುತ್ತೆ. ಗೆದ್ದಲು ಬಂದ್ರೆ ಪೈರು ತಿನ್ನುತ್ತೆ. ನಾಲ್ಕು ಅಕ್ಷರ ಕಲಿತ ಮಾತ್ರಕ್ಕೆ ಗೆದ್ದಲು ನಿನ್ನ ಮಾತು ಕೇಳುತ್ತಾ?"

ಫಲೆಸಕ್ಕ ತಾನೇ ಅವರ ಮನೆಗೆ ಹೋಗಿ ಹೇಳಿದಳು. "ಸಿನೋಯಣ್ಣ, ಗೆದ್ದಲಿಗೆ ಒಣ ದಂಟು ಸಿಕ್ಕಿದ್ರೆ ಅದು ಹಸಿ ಗಿಡಕ್ಕೆ ಯಾಕೆ ಬರುತ್ತೆ? ತಿನ್ನೋಕೆ ಬೇರೆ ಏನೂ ಬಿಡದೆ ಇದ್ರೆ ಪೈರು ತಿನ್ನುತ್ತೆ."

"ಮೇಷ್ಟ್ರಮ್ಮ, ನಿನ್ನ ಮರದ ಕೆಳಗೆ ಏನಾದ್ರೂ ಹೇಳಿಕೊ. ಊರವರು ನಮ್ಮ ಹುಡುಗಿ ಸೋಮಾರಿ ಕೈಲಿ ಸಿಕ್ಕಿಹಾಕ್ಕೊಂಡಿದ್ದಾಳೆ ಅಂತಾರೆ. ಅದನ್ನ ನಾನು ಕೇಳಬೇಕು, ನೀನಲ್ಲ."

ಸೆಪ್ಟೆಂಬರಿನಲ್ಲಿ ನನ್ನ ದೊಡ್ಡಮ್ಮ ತೀರಿಕೊಂಡಳು. ನಾಲ್ಕು ದಿನ ನನ್ನ ತಾಯಿಯ ಊರಿಗೆ ಹೋಗಿದ್ದೆ. ಆ ಸಮಯ ನೋಡಿ ಮಾವ ಬೆಳಿಗ್ಗೆ ಬೆಳಿಗ್ಗೆಯೇ ಹೊಲಕ್ಕೆ ಬಂದು ಬೆಂಕಿ ಇಟ್ಟರು. ಕೇಡು ಬಯಸಿ ಅಲ್ಲ. ಅಳಿಯ ಮಾಡದ ಕೆಲಸವನ್ನು ತಾವೇ ಮಾಡಿ, ಮನೆಯ ಮಾನ ಉಳಿಸೋಣ ಅಂತ.

ಹೊಗೆ ಕಂಡು ಎನೆಲೆಸಿ ಓಡಿ ಬಂದಳು. ಅತ್ತಳಾ? ಬೈದಳಾ? ಎರಡೂ ಇಲ್ಲ. ಉರಿ ಇನ್ನೂ ಬರದ ಕಡೆ, ಹೊಲದ ನಟ್ಟನಡುವೆ, ದಂಟಿನ ಮೇಲೆ ಕಾಲು ಚಾಚಿ ಕೂತಳು.

"ಏಳೇ. ಬೆಂಕಿ ಬರ್ತಾ ಇದೆ."

"ಬರಲಿ ಮಾವ. ನೀವು ಕರೆದಿದ್ದು ತಾನೇ? ಬಂದ್ರೆ ಕೂರಿಸಿ ಮಾತಾಡಿಸ್ತೀನಿ."

ಮಾವ ಊರುಗೋಲು ಬಿಸಾಡಿ, ಹಸಿ ಕೊಂಬೆ ಮುರಿದು, ಬೆಂಕಿಯನ್ನು ಬಡಿಯತೊಡಗಿದರು. ಎನೆಲೆಸಿಯೂ ಎದ್ದು ಬಡಿದಳು. ಅರವತ್ತು ದಾಟಿದ ಮನುಷ್ಯ, ತಾನು ಹಚ್ಚಿದ್ದನ್ನು ತಾನೇ ಆರಿಸಿ, ಕೆಮ್ಮುತ್ತಾ ಬದುವಿನ ಮೇಲೆ ಕೂತು "ನೀನು ನಿಮ್ಮಜ್ಜಿ ತರಾನೇ ಕಣೇ" ಅಂದರಂತೆ. ಅಷ್ಟರಲ್ಲಿ ಅರ್ಧ ಹೊಲ ಕಪ್ಪಾಗಿತ್ತು.

ನಾನು ಬಂದು ನೋಡಿದವನೇ ಗುದ್ದಲಿ ಹಿಡಿದು ಮಾವನ ಮನೆಯ ಕಡೆ ಹೊರಟೆ. ಏನು ಮಾಡುತ್ತಿದ್ದೆನೋ ನನಗೇ ಗೊತ್ತಿಲ್ಲ. ದಾರಿಯಲ್ಲಿ ಫಲೆಸಕ್ಕ ಅಡ್ಡ ನಿಂತಳು.

"ಎಲ್ಲಿಗೆ?"

"ದಾರಿ ಬಿಡಕ್ಕ."

"ಗುದ್ದಲಿ ಕೈಲಿ ಇದೆಯಲ್ಲ, ಕೋಪ ಇರೋವಾಗಲೇ ಗುಂಡಿ ತೋಡು. ಆಳ ಬರುತ್ತೆ. ಮಾವನ ಮೇಲೆ ಕೈ ಎತ್ತಿದ ಅಳಿಯ ಯಾವ ಊರಲ್ಲಿ ಉಳಿದಿದ್ದಾನೆ?"

ನಾನು ನಿಂತೆ. ಅವಳೇ ಮುಂದುವರಿಸಿದಳು. "ಅರ್ಧ ಸುಟ್ಟಿದೆ, ಅರ್ಧ ಉಳಿದಿದೆ. ಇದಕ್ಕಿಂತ ಒಳ್ಳೇ ಪಾಠ ನನ್ನ ಹಲಗೆ ಮೇಲೆ ಬರೆಯೋಕೆ ಬರಲ್ಲ. ಎರಡೂ ಕಡೆ ಒಂದೇ ಬೀಜ ಹಾಕಿ, ಒಂದೇ ದಿನ. ನಿಮ್ಮ ಮಾವನೇ ನೋಡಲಿ."

ಫಲೆಸಕ್ಕ ಹೋಗಿ ಹೇಳಿದ್ದಕ್ಕೆ ಮಾವ ಒಪ್ಪಿದರು. ಒಪ್ಪಿದ್ದು ಹೀಗೆ:

"ಸುಗ್ಗಿ ತನಕ ನಾನು ಬಾಯಿ ಬಿಡಲ್ಲ. ಕಸದ ಕಡೆ ಸೋತರೆ ಚಾಪೆ ಸುತ್ತು. ಮಕ್ಕಳಿಗೆ ನಾನಿದ್ದೀನಿ."

ಮಾರನೆಯ ದಿನದಿಂದ ನಾನೂ ಎನೆಲೆಸಿಯೂ ಸೇರಿ, ದಂಟು ಹೊದ್ದ ಕಡೆ ದಂಟನ್ನು ಸ್ವಲ್ಪ ಸ್ವಲ್ಪ ಸರಿಸಿ, ಮುಕ್ಕಾಲು ಮೊಳಕ್ಕೊಂದರಂತೆ ಸಣ್ಣ ಗುಂಡಿ ತೋಡಿದೆವು. ಗುಂಡಿಗೊಂದು ಹಿಡಿ ಆಡಿನ ಗೊಬ್ಬರ. ಸುಟ್ಟ ಕಡೆ ಮಾವ ಹೇಳಿದ ಹಾಗೆ ಮಣ್ಣೆಳೆದು ಬೋದು ಏರಿಸಿ, ಅಷ್ಟೇ ಗೊಬ್ಬರ ಕೊಟ್ಟೆವು. ನವೆಂಬರಿನ ಮೊದಲ ಹದ ಮಳೆಗೆ ಎರಡೂ ಕಡೆ ಬಿತ್ತಿದೆವು.

ಮೊದಲು ಚೆನ್ನಾಗಿ ಬಂದದ್ದು ಯಾವುದು ಗೊತ್ತೇ? ಸುಟ್ಟ ಕಡೆಯದು. ಬೂದಿ ಉಂಡು ದಟ್ಟ ಹಸಿರಾಗಿ ಎದ್ದಿತು. ಹೊದಿಕೆಯ ಕಡೆ ಪೈರು ತೆಳ್ಳಗೆ, ದಂಟಿನ ಸಂದಿಯಲ್ಲಿ ಇಣುಕುತ್ತಿತ್ತು. ಸಾಲದ್ದಕ್ಕೆ ಕಳೆಯೂ ಬಂತು. ಲಾಮೆಕಿ ದಿನಾ ಬಂದು ನೋಡಿ ಹೋಗುತ್ತಿದ್ದ. "ಚಾಪೆ ಹೊಸದಾ, ಹಳೇದಾ?" ಎಂದು ಒಂದು ದಿನ ಕೇಳಿಯೂ ಕೇಳಿದ. ನಾನು ಫಲೆಸಕ್ಕನ ಹತ್ತಿರ ಹೋಗಿ ಕೂಗಾಡಿದೆ.

"ಓದಿದ್ದು ಸುಳ್ಳಾ ಅಕ್ಕ?"

"ಕಳೆ ಕಿತ್ತಿದ್ಯಾ?"

"ಇಲ್ಲ."

"ಹೊದಿಸಿದೋನು ಮಲಗಬಹುದು ಅಂತ ಯಾವ ಪುಟದಲ್ಲಿ ಓದ್ದೆ? ಹೋಗಿ ಕಳೆ ಕಿತ್ತು ಅದನ್ನೂ ಅಲ್ಲೇ ಹಾಸು."

ಹೋಗಿ ಕಿತ್ತೆ. ಒಂದು ಸಲ ಅಲ್ಲ, ಮೂರು ಸಲ.

ಜನವರಿ ಎರಡನೇ ವಾರಕ್ಕೆ ಮಳೆ ನಿಂತಿತು. ಒಂದು ವಾರವಾಯಿತು. ಎರಡಾಯಿತು. ಮೂರನೆಯ ವಾರ ಆಕಾಶ ಬಾಣಲೆಯ ಹಾಗೆ ಕಾಯಿತು. ಸುಟ್ಟ ಕಡೆಯ ಪೈರಿನ ಎಲೆಗಳು ಬೆಳಿಗ್ಗೆಯೇ ಸುರುಳಿ ಸುತ್ತಿಕೊಂಡು, ಸಂಜೆಯಾದರೂ ಬಿಚ್ಚುತ್ತಿರಲಿಲ್ಲ. ಹೊದಿಕೆಯ ಕಡೆಯವು ನಡುಮಧ್ಯಾಹ್ನ ಸ್ವಲ್ಪ ಬಾಡಿ, ಬಿಸಿಲಿಳಿದಂತೆ ಮತ್ತೆ ಅರಳುತ್ತಿದ್ದವು. ಊರಿನ ಎಲ್ಲ ಬೋಳು ಹೊಲಗಳೂ ಹಳದಿಗೆ ತಿರುಗಿದವು.

ಮಾವ ಬಂದರು. ಮೊದಲು ಸುಟ್ಟ ಕಡೆ ಕೂತು ಬೆರಳಿನಿಂದ ಮಣ್ಣು ಕೆದಕಿದರು. ಗಟ್ಟಿ ಹೆಂಚು, ಉಗುರೂ ಇಳಿಯಲಿಲ್ಲ. ಎದ್ದು ಇತ್ತ ಬಂದು ದಂಟಿನ ಕೆಳಗೆ ಕೈ ತೂರಿಸಿದರು. ಅಂಗೈ ಪೂರ್ತಿ ಒಳಗೆ ಹೋಯಿತು. ಇನ್ನೊಂದು ಕಡೆಯೂ ತೂರಿಸಿ ನೋಡಿದರು.

"ತಣ್ಣಗಿದೆ," ಅಂದರು ಕೊನೆಗೆ.

ಕೈ ತೆಗೆದಾಗ ಬೆರಳಿಗೆ ಒದ್ದೆ ಮಣ್ಣು ಮೆತ್ತಿತ್ತು, ಒಂದು ಎರೆಹುಳ ನೇತಾಡುತ್ತಿತ್ತು. ಅದನ್ನು ಮೆಲ್ಲಗೆ ಹೊದಿಕೆಯ ಕೆಳಗೇ ಬಿಟ್ಟರು.

"ಗೆದ್ದಲು?" ಎಂದರು.

"ಇದೆ ಮಾವ. ದಂಟು ತಿಂತಾ ಇದೆ. ಪೈರಿಗೆ ಬಂದಿಲ್ಲ."

"ಹೂಂ. ಅಂತೂ ನಾನು ಅರ್ಧ ಸುಟ್ಟಿದ್ದು ಒಳ್ಳೇದೇ ಆಯ್ತು. ಇಲ್ಲಾಂದ್ರೆ ನಿಮಗೆ ಹೆಂಗೆ ಗೊತ್ತಾಗ್ತಿತ್ತು?"

ಎನೆಲೆಸಿ ನಕ್ಕಳು. "ಹೌದು ಮಾವ. ಪಾಠ ಮಾಡಿದೋರು ನೀವೇ."

ಏಪ್ರಿಲಿನಲ್ಲಿ ತೆನೆ ಮುರಿದೆವು. ಸುಟ್ಟ ಕಡೆಯ ತೆನೆಗಳಲ್ಲಿ ತುದಿಯೆಲ್ಲ ಜೊಳ್ಳು. ಹೊದಿಕೆಯ ಕಡೆಯ ತೆನೆ ಮುಂಗೈಯಷ್ಟು ಉದ್ದ, ತುದಿಯವರೆಗೂ ಕಾಳು. ಅಲ್ಲಿ ಒಂದು ಬುಟ್ಟಿ ತುಂಬುವಷ್ಟರಲ್ಲಿ ಇಲ್ಲಿ ಎರಡು ತುಂಬುತ್ತಿತ್ತು. ಲಾಮೆಕಿ ಬದುವಿನ ಮೇಲೆ ನಿಂತು ನೋಡಿದ. ಈ ಸಲ ತಮಾಷೆ ಮಾಡಲಿಲ್ಲ. "ನನ್ನ ದಂಟನ್ನ ನಿನಗೆ ಎಸೆಯಲ್ಲಪ್ಪ" ಎಂದಷ್ಟೇ ಹೇಳಿದ.

ಮಾವ ಈಗ ವಾರಕ್ಕೊಂದು ದಿನ ಮಾವಿನ ಮರದ ಕೆಳಗೆ ಬರುತ್ತಾರೆ. "ಓದೋಕಲ್ಲ, ಕೇಳೋಕೆ" ಎಂದು ಹಲಗೆಗೆ ಬೆನ್ನು ಮಾಡಿ ಕೂರುತ್ತಾರೆ. ಮೊನ್ನೆ ಎನೆಲೆಸಿ ಒಂದು ಪದ ತಪ್ಪಾಗಿ ಓದಿದಾಗ ಬೆನ್ನು ತಿರುಗಿಸಿದ ಹಾಗೆಯೇ ತಿದ್ದಿದರು. ಊರ ಸಭೆಯಲ್ಲಿ ಅವರೇ ಎದ್ದು ನಿಂತು, ಇಲಿ ಬೇಕಾದವರು ಗುದ್ದಲಿಯಿಂದ ಅಗೆದು ಹಿಡಿಯಲಿ, ಯಾರ ಹೊಲಕ್ಕೂ ಬೆಂಕಿ ಹಾಕಬಾರದು ಎಂದು ಕಟ್ಟುಪಾಡು ಮಾಡಿಸಿದರು. ಸಭೆ ಮುಗಿದ ಮೇಲೆ ನನ್ನನ್ನು ತಮ್ಮ ಮನೆಯ ಹಿಂದಕ್ಕೆ ಕರೆದುಕೊಂಡು ಹೋಗಿ, ಊರುಗೋಲಿನಿಂದ ನೆಲದ ಮೇಲೆ ಒಂದು ಚೌಕ ಎಳೆದರು.

"ಆ ಹುಲ್ಲಿನ ಗುಡಿಸಲಲ್ಲಿ ಎಷ್ಟು ದಿನ ಇರ್ತೀಯ? ಮಣ್ಣು ಕಲಸು. ಇಲ್ಲಿ ಇಟ್ಟಿಗೆ ಮನೆ ಕಟ್ಟಿಕೊ."

ನಮ್ಮಲ್ಲಿ ಅಳಿಯನಿಗೆ ಇಟ್ಟಿಗೆ ಮನೆ ಕಟ್ಟು ಅಂದರೆ ಇನ್ನು ಇಲ್ಲೇ ಇರು ಎಂದರ್ಥ, ಅದರ ಮೇಲೆ ಬೇರೆ ಮಾತಿಲ್ಲ. ನಾನು ತಲೆಯಾಡಿಸಿದೆ. ಮಾರನೆಯ ಬೆಳಿಗ್ಗೆಯೇ ಮಣ್ಣು ಅಗೆದೆ.

ಈ ಕಥೆ ಓದುತ್ತಿರುವ, ಓದಿಸಿಕೊಂಡು ಕೇಳುತ್ತಿರುವ ಅಕ್ಕಂದಿರೆ, ಅಣ್ಣಂದಿರೆ, ನಿಮ್ಮ ಹೊಲದಲ್ಲಿ ಉಳಿಯುವುದು ಜೋಳದ ದಂಟಾಗಲಿ, ಭತ್ತದ ಹುಲ್ಲಾಗಲಿ, ಕಬ್ಬಿನ ಸೋಗೆಯಾಗಲಿ, ಸುಡಬೇಡಿ. ನನ್ನ ಮಾತು ನಂಬಿ ಇಡೀ ಹೊಲಕ್ಕೆ ಹೊದಿಸಿ ಎಂದೂ ನಾನು ಹೇಳುವುದಿಲ್ಲ. ಈ ವರ್ಷ ಒಂದು ಮೂಲೆಗೆ ಹೊದಿಸಿ. ಕಳೆ ಬಂದರೆ ಬೇಸರ ಮಾಡದೆ ಕೀಳಿ. ಮೊದಲ ತಿಂಗಳಲ್ಲಿ ಪೈರು ಸಣ್ಣಗಿದೆ ಎಂದು ಹೆದರಬೇಡಿ. ಮಳೆ ನಿಂತ ಹದಿನೈದನೆಯ ದಿನ ಹೋಗಿ ಎರಡೂ ಕಡೆ ಕೈಯಿಟ್ಟು ನೋಡಿ, ಆಮೇಲೆ ನೀವೇ ತೀರ್ಮಾನ ಮಾಡಿ. ಗೊತ್ತಾಗದ ಕಾಗದ ಕೈಗೆ ಬಂದರೆ ಬಿಸಾಡದೆ, ಓದು ಬಲ್ಲವರನ್ನು ಹಿಡಿದು ಕೂರಿಸಿ ಓದಿಸಿ. ನಿಮ್ಮೂರಿನಲ್ಲೂ ಕಲಿಸುವವರು ಒಬ್ಬರಾದರೂ ಇರುತ್ತಾರೆ, ಹೋಗಿ ಕೇಳಲು ನಾಚಿಕೆ ಯಾಕೆ? ನಗುವವರು ಒಂದು ಬೆಳೆಯಷ್ಟು ಕಾಲ ನಗುತ್ತಾರೆ, ನಗಲಿ. ಬೆಂಕಿಪೊಟ್ಟಣದ ಜಾಗ ಒಲೆಯ ಪಕ್ಕ. ಅದನ್ನು ಅಲ್ಲೇ ಇಡಿ.