ಮೇಣ ತಿಕ್ಕಿದ ದಾರ

ಮೂಟೆ ನೀರಿಗೆ ಬಿದ್ದು ಆಗಲೇ ಬಹಳ ಹೊತ್ತಾಗಿತ್ತು, ಇನ್ನೂ ಬಿಚ್ಚಿಕೊಂಡಿರಲಿಲ್ಲ. ಅಲೆಯ ಒಂದು ಮೊಳ ಕೆಳಗೆ ಬಿಳಿ ಕ್ಯಾನ್ವಾಸು ಉಬ್ಬುತ್ತಿತ್ತು, ಕುಗ್ಗುತ್ತಿತ್ತು. ಒಳಗಿನಿಂದ ಒದೆಯುತ್ತಿರುವುದು ದಡದಲ್ಲಿದ್ದವರಿಗೂ ಕಾಣುತ್ತಿತ್ತು. ಪ್ಯಾರಿಸ್ಸಿನಿಂದ ಬಂದ ನಿರ್ದೇಶಕ ದೆಲ್ವಾಲ್ ಕ್ಯಾಮೆರಾದವನ ಬೆನ್ನಿಗೆ ಅಂಟಿಕೊಂಡು ನಿಂತು, ಹಿಡಿ ತಿರುಗಿಸುವುದನ್ನು ನಿಲ್ಲಿಸಬೇಡ ಎಂದು ಪಿಸುಗುಟ್ಟುತ್ತಿದ್ದ. ದೋಣಿಯವರು ಹುಟ್ಟಿಗೆ ಕೈಹಾಕಿದಾಗ ಕೈ ಅಡ್ಡ ಹಿಡಿದು ತಡೆದ.

"ಎಷ್ಟು ಚೆನ್ನಾಗಿ ಒದ್ದಾಡ್ತಾನೆ ನೋಡ್ರಯ್ಯ," ಎಂದ.

ಹಾಯಿ ಹೊಲಿಯುವ ಕಾಸಿಮೀರ್ ರುಬೋಗೆ ಆ ಕ್ಷಣದಲ್ಲಿ ತನ್ನ ಬೆರಳುಗಳು ಬೆಳಿಗ್ಗೆ ಏನು ಮಾಡಿದ್ದವು ಎಂಬುದು ನೆನಪಾಯಿತು. ಸಡಿಲವಾಗಿ ಹೊಲಿ, ಮೊಣಕಾಲಿನಿಂದ ಒದ್ದರೆ ಹರಿಯುವಂಥ ಹತ್ತಿ ದಾರ ಹಾಕು ಎಂದು ಸಿನಿಮಾದವರು ಹೇಳಿದ್ದರು. ಅವನು ಹತ್ತಿ ದಾರವನ್ನೇ ಹಾಕಿದ್ದ. ಆದರೆ ನಲವತ್ತು ವರ್ಷದ ಅಭ್ಯಾಸದ ಕೈ ಆ ದಾರವನ್ನು ಜೇನುಮೇಣದ ಉಂಡೆಯ ಮೇಲೆ ಮೂರು ಸಲ ಎಳೆದು ಗಟ್ಟಿಮಾಡಿತ್ತು. ಕೊನೆಯಲ್ಲಿ ಮೂರು ಹೊಲಿಗೆ ಹಿಂದಕ್ಕೆ ಹೋಗಿ ಗಂಟು ಬಿಗಿದಿತ್ತು. ಹಡಗಿನಲ್ಲಿ ಸತ್ತವರನ್ನು ಸಮುದ್ರಕ್ಕೆ ಬಿಡುವಾಗ ಮೂಟೆ ಹೊಲಿಯುವುದು ಹಾಗೆಯೇ. ಅದು ಬಿಚ್ಚಿಕೊಂಡರೆ ಹೊಲಿದವನ ಮಾನ ಹೋಗುತ್ತದೆ.

ಮೂಟೆಯೊಳಗೆ ಇದ್ದವನು ಅವನ ಅಳಿಯ ಸಿಲ್ವೇರ್.

ಕಾಸಿಮೀರ್ ದೋಣಿಗೆ ಧುಮುಕಿದ, ಹುಟ್ಟು ಹಿಡಿದವನನ್ನು ಬಾಯಿಗೆ ಬಂದಂತೆ ಬೈದ, ಕೊಕ್ಕೆಗೋಲಿನಿಂದ ಕ್ಯಾನ್ವಾಸನ್ನು ಎಳೆದು ತನ್ನ ಚಾಕುವಿನಿಂದ ಉದ್ದಕ್ಕೆ ಸೀಳಿದ. ಸಿಲ್ವೇರ್ ನೀಲಿಗಟ್ಟಿದ ಮುಖ ಹೊತ್ತು ಹೊರಗೆ ಬಂದ. ದಡಕ್ಕೆ ಹಾಕಿ ಕವುಚಿ ಮಲಗಿಸಿದರೆ ಸಮುದ್ರದ ನೀರು, ಬೆಳಿಗ್ಗೆ ತಿಂದ ಮೀನಿನ ಸಾರು, ಎಲ್ಲವನ್ನೂ ಕಾರಿದ. ಹತ್ತು ಹೆಜ್ಜೆಯಾಚೆ ಕಥೆಯ ನಾಯಕನ ಪಾತ್ರದ ನಟ ತುಪ್ಪುಳದ ಕೋಟು ಹೊದ್ದು ಬಿಸಿ ಚಾಕಲೇಟು ಕುಡಿಯುತ್ತಿದ್ದ. ಈಜಿ ಪಾರಾದವನಾಗಿ ಬಂಡೆಯ ಮೇಲೆ ಕೈ ಎತ್ತಿ ನಿಲ್ಲುವುದು ಅವನ ಪಾಲಿನ ಕೆಲಸ. ಒದ್ದೆಯಾದಂತೆ ಕಾಣಲೆಂದು ಅವನ ಎದೆಗೆ ಆಲಿವ್ ಎಣ್ಣೆ ಬಳಿದಿದ್ದರು. ಅವನು ಕಾರುತ್ತಿದ್ದವನ ಕಡೆ ನೋಡಿ, ಮೂಗು ಮುಚ್ಚಿಕೊಂಡು, ಕುರ್ಚಿಯನ್ನು ಗಾಳಿಯ ಇನ್ನೊಂದು ಮಗ್ಗುಲಿಗೆ ಹಾಕಿಸಿಕೊಂಡ.

ಮಾರ್ಸೇಯಲ್ಲಿ ಆ ಕಥೆ ಅಕ್ಷರ ಬಾರದವರಿಗೂ ಗೊತ್ತು. ತಪ್ಪಿಲ್ಲದೆ ಸೆರೆಗೆ ಬಿದ್ದವನೊಬ್ಬ ಸತ್ತ ಗೆಳೆಯನ ಮೂಟೆಯೊಳಗೆ ತಾನು ಮಲಗಿ, ಕಾವಲಿನವರ ಕೈಯಿಂದಲೇ ಸಮುದ್ರಕ್ಕೆ ಎಸೆಸಿಕೊಂಡು ತಪ್ಪಿಸಿಕೊಳ್ಳುತ್ತಾನೆ. ಆಮೇಲೆ ತನ್ನನ್ನು ಹಾಳುಮಾಡಿದವರನ್ನು ಹುಡುಕಿ ಹುಡುಕಿ ಸೇಡು ತೀರಿಸಿಕೊಳ್ಳುತ್ತಾನೆ. ಆ ಸೆರೆಮನೆಯ ದ್ವೀಪ ಎದುರಿಗೇ ಇತ್ತು, ದಡದಿಂದ ಬೆರಳು ಮಾಡಿ ತೋರಿಸುವಷ್ಟು ಹತ್ತಿರ. ದೆಲ್ವಾಲ್ ಅದನ್ನು ಒಂದು ಸಲ ನೋಡಿ, ಸೆರೆಮನೆಯಂತೆ ಕಾಣುವುದಿಲ್ಲ ಎಂದು ತಳ್ಳಿಹಾಕಿದ್ದ. ಈ ಕಡೆಯ ಹಳೆಯ ಕಾವಲುಗೋಡೆಗೆ ರಟ್ಟಿನ ಗೋಪುರ ಕಟ್ಟಿಸಿ ಬೂದುಬಣ್ಣ ಹೊಡೆಸಿದ್ದ. ಅದರ ಅಂಟಿನ ಹಸಿ ವಾಸನೆಗೆ ಕಾಸಿಮೀರನಿಗೆ ಮೂರು ದಿನದಿಂದ ಊಟ ಸೇರಿರಲಿಲ್ಲ.

ದೆಲ್ವಾಲ್ ಬಂದ. ಮಲಗಿದವನ ಕಡೆ ನೋಡಲಿಲ್ಲ, ನೇರ ಕಾಸಿಮೀರನ ಮೇಲೆ ಹಾರಿದ. ದೋಣಿ ಚಿತ್ರದೊಳಗೆ ನುಗ್ಗಿತ್ತಂತೆ. ಇಂಥ ಒದ್ದಾಟ ದುಡ್ಡು ಕೊಟ್ಟರೂ ಸಿಗುವುದಿಲ್ಲವಂತೆ, ಅದರ ಮಧ್ಯೆ ಒಬ್ಬ ಮುದುಕ ಕೊಕ್ಕೆ ಹಿಡಿದು ಕುಣಿಯುತ್ತಿದ್ದರೆ ನೋಡುವವರು ನಗುವುದಿಲ್ಲವೇ ಎಂದು ಕೂಗಾಡಿದ. ನಾಳೆ ಬೆಳಗಿನ ರೈಲಿಗೆ ಎಲ್ಲರೂ ಹೊರಡಬೇಕು, ನಾಲ್ಕು ಗಂಟೆಯವರೆಗೆ ಬಿಸಿಲಿದೆ, ಇನ್ನೊಂದು ಸಲ ಆಗಬೇಕು ಎಂದ.

ಆಗ ಸಿಲ್ವೇರ್ ತಲೆಯೆತ್ತಿ, ಗಲ್ಲದ ಮೇಲಿನ ಲೋಳೆ ಒರೆಸಿಕೊಂಡು ಕೇಳಿದ: "ಚೆನ್ನಾಗಿ ಬಂದಿತ್ತಾ ಯಜಮಾನ್ರೇ?"

ಕಾಸಿಮೀರ್ ಮುಖ ತಿರುಗಿಸಿದ. ಬಂದರಿನ ತಳಕ್ಕೆ ಇಳಿದು ಕಳೆದುಹೋದ ಲಂಗರುಗಳನ್ನು ಹುಡುಕಿ ತರುವ ಗಂಡಸು ಇವನು. ಮಗಳು ನೊರೀನ್ ಇವನನ್ನು ಕಟ್ಟಿಕೊಂಡಾಗ ಊರೆಲ್ಲ ಹೊಗಳಿತ್ತು. ಈಗ ಎಣ್ಣೆ ಬಳಿದುಕೊಂಡವನ ಬದಲು ಮೂಟೆಯಲ್ಲಿ ಸಾಯಲು ಹೋಗಿ, ಚೆನ್ನಾಗಿ ಸತ್ತೆನೇ ಎಂದು ಕೇಳುತ್ತಿದ್ದಾನೆ. ಗೋಡೆಗೆ ಅಂಟಿಸುವ ಜಾಹೀರಾತಿನಲ್ಲಿ ಇವನ ಹೆಸರು ಹಾಕುತ್ತೇನೆಂದು ದೆಲ್ವಾಲ್ ಹೇಳಿದ್ದನಂತೆ. ಅಷ್ಟಕ್ಕೇ ಇವನು ಕರಗಿಹೋಗಿದ್ದ.

ರಮ್ ಕುಡಿಸಿ ಕಂಬಳಿ ಹೊದಿಸಿದ ಮೇಲೆ ಅಳಿಯ ಮಾವನ ತೋಳು ಹಿಡಿದುಕೊಂಡ. "ಇನ್ನೊಂದು ಮೂಟೆ ನೀನೇ ಹೊಲಿ ಮಾವ. ಬೇರೆಯವರ ಕೈ ನಾನು ನಂಬಲ್ಲ."

ಕಾಸಿಮೀರ್ ಬಾಯಿಬಿಟ್ಟ. ದೆಲ್ವಾಲನ ಎದುರಿಗೇ ಎಲ್ಲವನ್ನೂ ಹೇಳಿದ.

"ನನ್ನ ಕೈಯೇ ನಿನ್ನ ಕೊಲ್ತಿತ್ತು ಕಣೋ. ದಾರಕ್ಕೆ ಮೇಣ ತಿಕ್ಕಿಬಿಟ್ಟಿದ್ದೆ. ಹೆಣಕ್ಕೆ ಹೊಲಿಯೋ ಹಾಗೆ ಹೊಲಿದುಬಿಟ್ಟಿದ್ದೆ."

ಸಿಲ್ವೇರನ ಮುಖದಲ್ಲಿ ಅಷ್ಟಿಷ್ಟು ಬಂದಿದ್ದ ಬಣ್ಣ ಇಳಿದುಹೋಯಿತು. ಹೊಡೆಯಲಿ, ಕ್ಯಾಕರಿಸಿ ಉಗಿಯಲಿ, ಇನ್ನು ಇಳಿಯುವುದಿಲ್ಲ ಅಂದರೆ ಸಾಕು ಎಂದು ಕಾಸಿಮೀರ್ ಕಾದ. ಆದರೆ ಮೊದಲು ಮಾತಾಡಿದವನು ದೆಲ್ವಾಲ್. ಅವನ ಕಣ್ಣು ಅರಳಿತ್ತು.

"ಓ, ಅದಕ್ಕಾ ಅಷ್ಟು ಹೊತ್ತು ಒದ್ದಾಡಿದ್ದು! ಹಾಗಾದ್ರೆ ಈ ಸಲಾನೂ ಮೇಣ ಇರ್ಲಿ. ಅವನ ಕೈಗೊಂದು ಚಾಕು ಕೊಟ್ಬಿಡೋಣ, ಸ್ವಲ್ಪ ಒದ್ದಾಡಿ ಆಮೇಲೆ ಕೊಯ್ಕೊಂಡು ಬರ್ಲಿ."

ನೆನೆದ ಹಾಯಿಬಟ್ಟೆಯನ್ನು ಮರಗಟ್ಟಿದ ಬೆರಳಿನಿಂದ ಒಳಗಿನಿಂದ ಕೊಯ್ಯುವುದು ಎಂದರೇನೆಂದು ಅವನಿಗೆ ಕಾಸಿಮೀರ್ ಹೇಳಿ ನೋಡಿದ. ಫೆಬ್ರವರಿಯ ಕೊರೆಯುವ ನೀರಿನ ಮಾತು ಹೇಳಿದ. ದೆಲ್ವಾಲ್ ಗಡಿಯಾರ ನೋಡುತ್ತಿದ್ದ. ಸಿಲ್ವೇರ್ ಕೆಮ್ಮಿ, ಚಾಕು ಇದ್ದರೆ ಆಗುತ್ತದೆ ಬಿಡು ಎಂದ. ಬಂದರಿನ ಜನರೆಲ್ಲ ನೋಡುತ್ತಿದ್ದಾರೆ, ಹೆದರಿದ ಅನ್ನಿಸಿಕೊಳ್ಳಬೇಕೇ ಎಂದ. ಕಾಸಿಮೀರ್ ಒಪ್ಪದಿದ್ದರೆ ವೇಷಭೂಷಣದ ಹೆಂಗಸು ಹೊಲಿಯುತ್ತಾಳೆ ಎಂದು ದೆಲ್ವಾಲ್ ಸೇರಿಸಿದ.

ಕಾಸಿಮೀರ್ ಕ್ಯಾನ್ವಾಸು ಎಳೆದುಕೊಂಡು ಕುಳಿತ. ಸಿಲ್ವೇರ್ ಚಾಕು ಹಿಡಿದು ಅದರೊಳಗೆ ಮಲಗಿದ. ಸೂಜಿ ಒತ್ತುವ ಅಂಗೈಯ ತೊಗಲುಪಟ್ಟಿ ಬಿಗಿದು, ದೆಲ್ವಾಲನಿಗೆ ಕಾಣುವ ಹಾಗೆ ಮೇಣದ ಉಂಡೆಯನ್ನು ಮಂಡಿಯ ಮೇಲಿಟ್ಟುಕೊಂಡ. ಹೊಲಿಗೆಗಳು ಹೊರಗಿನಿಂದ ಒತ್ತಾಗಿ, ಸಾಲಾಗಿ, ಅಂದವಾಗಿ ಬಿದ್ದವು. ದಾರ ಮಾತ್ರ ಹಳೆಯದು, ಒಂಟಿ ಎಳೆಯದು, ಮೇಣದ ಗಾಳಿಯೂ ಸೋಕದ್ದು. ತುದಿಯಲ್ಲಿ ಹಿಂದಕ್ಕೆ ಹೋಗಲು ಬೆರಳು ತಾನಾಗಿ ತಿರುಗಿತು. ಎಡಗೈಯಿಂದ ಅದನ್ನು ಹಿಡಿದು ನಿಲ್ಲಿಸಿದ. ಗಂಟು ಹಾಕಲಿಲ್ಲ. ಜೀವಮಾನದಲ್ಲಿ ಇಂಥ ಹೊಲಸು ಕೆಲಸ ಅವನು ಮಾಡಿದವನಲ್ಲ.

ಕಾವಲಿನವರ ವೇಷದ ಇಬ್ಬರು ಮೂಟೆಯನ್ನು ಗೋಡೆಯ ಮೇಲೆ ಎತ್ತಿಕೊಂಡರು. ಕ್ಯಾಮೆರಾದ ಹಿಡಿ ತಿರುಗಿತು. ಒಂದು ಸಲ ತೂಗಿದರು, ಎರಡನೆಯ ಸಲ ತೂಗುವಾಗ ಹೊಲಿಗೆ ಕಾಲಿನಿಂದ ಕುತ್ತಿಗೆಯವರೆಗೆ ಸರಸರನೆ ಬಿಚ್ಚಿಕೊಂಡಿತು. ಸಿಲ್ವೇರ್ ಒದ್ದೆ ಚಡ್ಡಿಯಲ್ಲಿ, ಕೈಯಲ್ಲಿ ಚಾಕು ಹಿಡಿದು, ಕಲ್ಲಿನ ಮೇಲೆ ಕುಂಡಿ ಊರಿ ಬಿದ್ದ.

ದೋಣಿಯವರು, ಮೀನು ಮಾರುವ ಹೆಂಗಸರು, ನೋಡಲು ಬಂದ ಅರ್ಧ ಬಂದರು ಹೊಟ್ಟೆ ಹಿಡಿದುಕೊಂಡು ನಕ್ಕಿತು. ಎಣ್ಣೆ ಬಳಿದುಕೊಂಡವನೂ ನಕ್ಕ. ದೆಲ್ವಾಲ್ ತನ್ನ ಹ್ಯಾಟನ್ನು ನೆಲಕ್ಕೆ ಬಡಿದ. ಬಿಸಿಲು ಆಗಲೇ ಗೋಡೆಯಿಂದ ಇಳಿಯುತ್ತಿತ್ತು, ಮತ್ತೆ ಹೊಲಿಸಲು ಹೊತ್ತಿರಲಿಲ್ಲ. ಕೊನೆಗೆ ಅವನು ಮಾಡಿದ್ದಿಷ್ಟೇ: ಇನ್ನೊಂದು ಕ್ಯಾನ್ವಾಸಿಗೆ ಹುಲ್ಲು ಮತ್ತು ನಾಲ್ಕು ಕಲ್ಲು ತುಂಬಿಸಿ, ಬಾಯಿ ಕಟ್ಟಿಸಿ, ಅದನ್ನೇ ಸಮುದ್ರಕ್ಕೆ ಎಸೆಸಿದ. ಅದು ಡುಬುಕ್ಕೆಂದು ಮುಳುಗಿತು. ಜನ ಚಪ್ಪಾಳೆ ತಟ್ಟಿದರು. ದೆಲ್ವಾಲ್ ಕ್ಯಾಮೆರಾದವನ ಹೆಗಲು ತಟ್ಟಿ, ಇದೇ ಸಾಕು, ಯಾರಿಗೆ ಗೊತ್ತಾಗುತ್ತದೆ ಎಂದ.

ಹುಲ್ಲೇ ಸಾಕಾಗಿತ್ತು. ಬೆಳಿಗ್ಗೆಯೇ ಸಾಕಾಗುತ್ತಿತ್ತು. ಕಾಸಿಮೀರ್ ಕಲ್ಲಿನ ಮೇಲೆ ಉಗಿದ. ಉಗಿದರೂ ಬಾಯಿಯ ಕಹಿ ಹೋಗಲಿಲ್ಲ.

ದೊಡ್ಡ ಹಾಯಿಯೊಂದನ್ನು ಹೊಲಿಯಲು ಹೇಳಿದ್ದ ಕಪ್ತಾನ ಗಾಸ್ತಿನೆಲ್ ಅವನ ಪಕ್ಕದಲ್ಲಿ ಬಂದು ನಿಂತ. ಅವನು ನಗುತ್ತಿರಲಿಲ್ಲ. ಬಿಚ್ಚಿದ ಕ್ಯಾನ್ವಾಸಿನ ಅಂಚನ್ನು ಎತ್ತಿ, ಗಂಟಿಲ್ಲದ ತುದಿಯನ್ನು ಹೆಬ್ಬೆರಳಿನಿಂದ ಸವರಿ ನೋಡಿದ.

"ವಯಸ್ಸಾಯ್ತು ಅಲ್ವಾ ರುಬೋ," ಎಂದ. "ನನ್ನ ಹಾಯಿ ಬೇರೆ ಕಡೆ ಕೊಡ್ತೀನಿ, ಬೇಜಾರು ಮಾಡ್ಕೋಬೇಡ."

"ಕೊಡಿ," ಎಂದ ಕಾಸಿಮೀರ್.

ಸಿಲ್ವೇರ್ ಅವನ ಹತ್ತಿರ ಬರಲಿಲ್ಲ. ಬಟ್ಟೆ ಹಾಕಿಕೊಂಡು, ಮಾನ ಕಳೆದೆ ಮುದುಕ, ಇನ್ನು ನಮ್ಮ ಮನೆ ಹೊಸಿಲು ತುಳಿಯಬೇಡ ಎಂದು ಎಲ್ಲರಿಗೂ ಕೇಳುವಂತೆ ಒದರಿ, ದೂರದ ಬಂಡೆಯ ಮೇಲೆ ಬೆನ್ನು ತಿರುಗಿಸಿ ಕುಳಿತ. ಯಾರೋ ಕೊಟ್ಟ ಬ್ರೆಡ್ಡನ್ನು ಮುರಿದು ತಿನ್ನತೊಡಗಿದ. ನಡುನಡುವೆ ಕೆಮ್ಮುತ್ತಿದ್ದ. ಕಾಸಿಮೀರ್ ಎದ್ದು ಹೋಗದೆ ಅಲ್ಲೇ ಕುಳಿತು ಆ ಬೆನ್ನನ್ನೇ ನೋಡಿದ. ಅಂಗಿಯ ಕೆಳಗೆ ಅದು ಏರುತ್ತಿತ್ತು, ಇಳಿಯುತ್ತಿತ್ತು, ಮತ್ತೆ ಏರುತ್ತಿತ್ತು.