ಶೂಫೆನ್ ತಾಯಿಗೆ ಊದುಬತ್ತಿ

ಶೂಫೆನ್ ಬಟ್ಟೆ ಬದಲಿಸಲು ಬಾತ್‌ರೂಮಿಗೆ ಹೋದ ಹೊತ್ತಿನಲ್ಲಿ ರತ್ನಾ ಊದುಬತ್ತಿ ಹಚ್ಚಿಬಿಟ್ಟಳು.

ಪರದೇಶದ ಈ ಎಟೋಬಿಕೋಕಿನಲ್ಲಿ ರತ್ನಾಳ ಮನೆಯ ಬೇಸ್‌ಮೆಂಟಿಗೆ ಶೂಫೆನ್ ಬಾಡಿಗೆಗೆ ಬಂದು ನಾಲ್ಕು ವರ್ಷವಾಗಿತ್ತು. ಮೊನ್ನೆ ಚೀನಾದ ಹಳ್ಳಿಯಲ್ಲಿ ಅವಳ ತಾಯಿ ತೀರಿಕೊಂಡಿದ್ದರು. ಇಲ್ಲಿ ಸಂಜೆ ಏಳು, ಅಲ್ಲಿ ಬೆಳಗಿನ ಏಳು; ಅಂತ್ಯಕ್ರಿಯೆಯನ್ನು ಫೋನಿನಲ್ಲೇ ನೋಡಬೇಕಿತ್ತು. ಕೆಳಗಿಳಿಯುವ ಮುಂಚೆ, ಏನು ಒಯ್ಯಲಿ ಎಂದು ರತ್ನಾ ಗಂಡನನ್ನು ಕೇಳಿದ್ದಳು. ಮುಕುಂದ್ ನೌಕರಿಯಲ್ಲಿದ್ದಾಗ ಮೂರು ದಿನದ ಟ್ರೈನಿಂಗಿಗೆಂದು ಶಾಂಘೈಗೆ ಹೋಗಿಬಂದವರು. ಅಂದಿನಿಂದ ಚೀನಾದ ಬಗ್ಗೆ ಅವರಿಗೆ ತಿಳಿಯದ್ದಿಲ್ಲ.

"ಅವ್ರೂ ನಮ್ ಥರಾನೇ ಕಣೇ. ಫೋಟೋ ಇಟ್ಟು ಊದ್ಬತ್ತಿ ಹಚ್ತಾರೆ."

"ಅವಳು ಸಂಡೇ ಚರ್ಚಿಗೆ ಹೋಗ್ತಾಳಲ್ರೀ?"

"ಇಲ್ಲಿಗೆ ಬಂದ್ಮೇಲೆ ಕಲ್ತಿರೋದು ಬಿಡು. ಫ್ರೀ ಲಂಚ್ ಇರುತ್ತೆ."

ಮೇಜಿನ ಮೇಲೆ ತಾಯಿಯ ಫೋಟೋ ಬೋಳಾಗಿ ಕೂತಿತ್ತು. ರತ್ನಾ ಲೋಟದ ಅಕ್ಕಿಯಲ್ಲಿ ಎರಡು ಕಡ್ಡಿ ಸಿಕ್ಕಿಸಿ ಕೈಮುಗಿದಳು. ಗೋಡೆಗೆ ಒರಗಿಸಿದ್ದ ಫೋನಿನಲ್ಲಿ ಹತ್ತಾರು ಮುಖಗಳು ಆಗಲೇ ಬಂದು ತನ್ನನ್ನೇ ನೋಡುತ್ತಿದ್ದುದು ಆಮೇಲೆ ಕಂಡಿತು. ಅವರಿಗೂ ಕೈಮುಗಿದಳು.

ಶೂಫೆನ್ ಹೊರಬಂದಳು. ಫೋನಿನೊಳಗಿನ ದಪ್ಪ ಮನುಷ್ಯನೊಬ್ಬ ಹೊಗೆಯತ್ತ ಬೆರಳು ತೋರಿಸಿ ಏನೋ ಹೇಳಿದ. ಅವಳು ಏನೋ ಉತ್ತರಿಸಿದಳು. ಅವನು ಒಪ್ಪದವನಂತೆ ತಲೆಯಾಡಿಸಿದ.

"ಯಾರದು? ಏನಂತಾರೆ?" ಎಂದಳು ರತ್ನಾ. ಅವಳಿಗೂ ಶೂಫೆನ್‌ಗೂ ಮಾತು ನಡೆಯುತ್ತಿದ್ದುದು ಅರೆಬರೆ ಇಂಗ್ಲಿಷಿನಲ್ಲಿ.

"ಅಣ್ಣ. ಸರಕಾರಿ ಸ್ಕೂಲಿನ ಹೆಡ್‌ಮಾಸ್ಟರು." ಶೂಫೆನ್ ಬಸ್ಸಿನ ಹೊತ್ತು ಹೇಳುವವಳಂತೆ ಹೇಳಿದಳು. "ಅಮ್ಮ ಕ್ರಿಶ್ಚಿಯನ್, ನಾನು ಚಿಕ್ಕವಳಿದ್ದಾಗಿಂದ. ಊದುಬತ್ತಿ ಬೇಡ, ಅಡ್ಡಬೀಳೋದು ಬೇಡ, ಎರಡು ಹಾಡು ಸಾಕು ಅಂದಿದ್ದಳು. ಮನೇಲಿ ಅಂಥ ಹಾಡು ಹಾಡಿಸಿದ್ರೆ ಮೇಲಧಿಕಾರಿಗಳು ವಿವರಣೆ ಕೇಳ್ತಾರೆ, ಊರು ನಗುತ್ತೆ ಅಂತ ಅಣ್ಣನ ಹಟ. ಎರಡು ದಿನ ಜಗಳ ಆಡಿ ಒಪ್ಪಿಸಿದ್ದೆ."

"ಈಗ?"

"ನಿನ್ನ ಮನೇಲೇ ಹಚ್ಚಿಸಿದೀಯ, ನಮಗ್ಯಾಕೆ ಬೇಡ ಅಂತೀಯ, ಅಂತಾನೆ."

ರತ್ನಾ ಕಡ್ಡಿಗಳನ್ನು ಕಿತ್ತು ಸಿಂಕಿನ ನಲ್ಲಿಗೆ ಹಿಡಿದಳು. "ತಪ್ಪು ನಂದು ಅಂತ ಹೇಳಮ್ಮಾ. ಮುದುಕಿಗೆ ಗೊತ್ತಾಗ್ಲಿಲ್ಲ ಅನ್ನು. ಫೋನ್ ಕೊಡು, ನಾನೇ ಕೇಳ್ಕೋತೀನಿ."

"ಹೇಳಿದೆ. ಎಲ್ಲರೂ ನೋಡಿಬಿಟ್ಟಿದ್ದಾರೆ."

ಫೋನಿನಲ್ಲಿ ಅಣ್ಣ ಊದುಬತ್ತಿಯ ಕಟ್ಟು ಬಿಚ್ಚಿ ಒಬ್ಬೊಬ್ಬರಿಗೂ ಮೂರು ಮೂರು ಕಡ್ಡಿ ಹಂಚತೊಡಗಿದ. ಜನ ಸಾಲಾಗಿ ಮಂಡಿಯೂರಿದರು. ಶೂಫೆನ್ ಅಳಲಿಲ್ಲ; ತೋಳಿನ ಗುಂಡಿ ಹಾಕಿಕೊಂಡಳು, ಬಿಚ್ಚಿದಳು, ಮತ್ತೆ ಹಾಕಿಕೊಂಡಳು. ರತ್ನಾಳಿಗೆ ಕೂರಬೇಕೋ ಮೇಲೆ ಹೋಗಬೇಕೋ ತಿಳಿಯಲಿಲ್ಲ. ನಿಂತೇ ಇದ್ದಳು.

ಪರದೆಯ ಅಂಚಿನಲ್ಲಿ ಇನ್ನಿಬ್ಬರು ಮುದುಕಿಯರೂ ಮಂಡಿಯೂರದೆ ನಿಂತಿದ್ದರು. ಕೈಯಲ್ಲಿ ಕಡ್ಡಿ ಇರಲಿಲ್ಲ. ತುಟಿಗಳು ಮಾತ್ರ ಒಟ್ಟೊಟ್ಟಿಗೆ ಅಲುಗುತ್ತಿದ್ದವು.

"ಅಮ್ಮನ ಚರ್ಚಿನವರು. ಹಾಡ್ತಿದ್ದಾರೆ," ಎಂದಳು ಶೂಫೆನ್.

ಅವಳು ವಾಲ್ಯೂಮನ್ನು ಪೂರ್ತಿ ಏರಿಸಿದಳು. ವಾಲಗದ ಸದ್ದು, ಪಟಾಕಿಯ ಸದ್ದು ಬೇಸ್‌ಮೆಂಟು ತುಂಬಿತು. ಫೋನನ್ನು ಕೈಗೆತ್ತಿಕೊಂಡು, ಚಿತ್ರ ಕಾಣದಿದ್ದರೂ ಸರಿ ಎಂಬಂತೆ, ಕಿವಿಗೆ ಒತ್ತಿ ಹಿಡಿದಳು.