ಮೂವರು ಬಳಕೆದಾರರು

ಆ ಸಾಫ್ಟ್‌ವೇರ್ ಕಂಪನಿಯ ಆಫೀಸಿನಲ್ಲಿ ಅವನನ್ನು ಎಲ್ಲರೂ ಪೆನ್ಸಿಲ್ ಎಂದೇ ಕರೆಯುತ್ತಿದ್ದರು. ಕಿವಿಯ ಮೇಲೆ ಸದಾ ಒಂದು ಪೆನ್ಸಿಲ್ ಸಿಕ್ಕಿಸಿಕೊಂಡಿರುತ್ತಿದ್ದ. ಮೊಬೈಲು, ಕಂಪ್ಯೂಟರ್ ಪರದೆಯ ಮೇಲೆ ಯಾವ ಗುಂಡಿ ಎಲ್ಲಿರಬೇಕು, ಯಾವ ಅಕ್ಷರ ಎಷ್ಟು ದೊಡ್ಡದಿರಬೇಕು ಎಂದು ಬರೆದು ತೋರಿಸುವುದು ಅವನ ಕೆಲಸ. ಕೆಲಸಗಾರ ಒಳ್ಳೆಯವನೇ, ಬಾಯಿ ಮಾತ್ರ ಸ್ವಲ್ಪ ದೊಡ್ಡದು. "ಬಳಸೋರನ್ನ ಕೇಳದೆ ಮಾಡಿದ ಕೆಲಸ ಕೆಲಸಾನೇ ಅಲ್ಲ" ಎಂದು ವರ್ಷಗಟ್ಟಲೆ ಎಲ್ಲರ ತಲೆ ತಿಂದಿದ್ದ.

ಅಲ್ಲಿ ಎಲ್ಲವೂ ಎರಡು ವಾರದ ಲೆಕ್ಕ. ಅದಕ್ಕೆ ಸ್ಪ್ರಿಂಟ್ ಎನ್ನುತ್ತಾರೆ, ಅಂದರೆ ಓಟ. ಎರಡು ವಾರಕ್ಕೊಮ್ಮೆ ಏನಾದರೊಂದು ತುಂಡನ್ನು ಮುಗಿಸಿ ತೋರಿಸಬೇಕು, ಮತ್ತೆ ಮುಂದಿನ ತುಂಡಿಗೆ ಕೈ ಹಾಕಬೇಕು. ಗೋಡೆಯ ಬೋರ್ಡಿನಲ್ಲಿ ಬಣ್ಣದ ಚೀಟಿಗಳು 'ಮಾಡಬೇಕಾದದ್ದು' ಎಂಬ ಸಾಲಿನಿಂದ 'ಮುಗಿದದ್ದು' ಎಂಬ ಸಾಲಿಗೆ ಸಾಗುತ್ತಿದ್ದವು. ಹೀಗೆ ಓಡುವವರಿಗೆ ನಿಂತು ಇನ್ನೊಬ್ಬರನ್ನು ಕೇಳಲು ಪುರಸೊತ್ತೆಲ್ಲಿ? ಪೆನ್ಸಿಲ್ ಹಟ ಹಿಡಿದ. ತಂಡದ ಮುಖ್ಯಸ್ಥೆ ಕಡೆಗೂ ಒಪ್ಪಿದಳು. ಯಾವ ಪರದೆಯಾದರೂ ಸರಿ, ಅದನ್ನು ಬಳಸುವ ಮೂವರು ತಮ್ಮ ಕೆಲಸದ ಜಾಗದಲ್ಲೇ ಒತ್ತಿ ನೋಡಬೇಕು, ಆಮೇಲಷ್ಟೇ ಚೀಟಿ 'ಮುಗಿದದ್ದು' ಸಾಲಿಗೆ.

"ಆದ್ರೆ ಓಟ ನಿಲ್ಲಲ್ಲ ಕಣಪ್ಪ. ಆ ಮೂರು ಜನರನ್ನ ಹೋಗಿ ಹಿಡಿಯೋದು ನಿನ್ನ ತಲೆನೋವು" ಎಂದಳು.

ಅವನು ಗೆದ್ದೆನೆಂದು ಬೀಗಿದ. ಪರೀಕ್ಷೆಯ ನಮೂನೆಯನ್ನೂ ತಾನೇ ಕೂತು ಬರೆದ.

ಆಗ ಕೈಗೆ ಬಂದದ್ದು ದೊಡ್ಡ ಆಸ್ಪತ್ರೆಯೊಂದರ ಲಾಂಡ್ರಿಯ ಕೆಲಸ. ವಾರ್ಡುಗಳಿಂದ ಬರುವ ಕೊಳೆಬಟ್ಟೆಯ ಗಂಟುಗಳನ್ನು ಹೆಂಗಸರು ಬಿಚ್ಚಿ ವಿಂಗಡಿಸಿ, ಯಾವ ವಾರ್ಡಿನದು ಎಷ್ಟು ಎಂದು ಗೋಡೆಯ ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆಯುತ್ತಿದ್ದರು. ಇನ್ನು ಹಲಗೆಯ ಬದಲು ಟ್ಯಾಬ್ ಬರಬೇಕಿತ್ತು. ಅದೇ ಲಾಂಡ್ರಿಯಲ್ಲಿ ಹನ್ನೊಂದು ವರ್ಷದಿಂದ ದುಡಿಯುತ್ತಿದ್ದವಳು ಪೆನ್ಸಿಲ್‌ನ ಒಡಹುಟ್ಟಿದ ಅಕ್ಕ. ಅವನ ಮನೆಯ ಹಿಂದಿನ ಕೋಣೆಯಲ್ಲೇ ಇದ್ದಳು, ಅವನ ಏಳು ವರ್ಷದ ಮಗಳನ್ನು ಸಾಕಿದವಳೂ ಅವಳೇ ಎನ್ನಬೇಕು. ಆದರೆ ಈ ಸಂಬಂಧ ಆಫೀಸಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ಯಾರೂ ಕೇಳಲಿಲ್ಲ ಎಂದು ಅವನ ಸಮಜಾಯಿಷಿ. ಕೇಳದಿದ್ದರೆ ಹೇಳಬಾರದೆಂದು ಯಾರಾದರೂ ಬಾಯಿ ಹೊಲಿದಿದ್ದರೇ?

ಪರೀಕ್ಷೆಗೆಂದು ಮಂಗಳವಾರ ಬೆಳಿಗ್ಗೆ ಹೋದ. ಗೇಟಿನ ಪುಸ್ತಕದಲ್ಲಿ ಸಹಿ ಹಾಕಿ ವಿಂಗಡಣೆ ಕೋಣೆಯ ಬಾಗಿಲಿಗೆ ಬಂದ. ಒಳಗಿನ ಬಿಸಿ, ರಕ್ತ, ಮೂತ್ರ, ಔಷಧಿ ಎಲ್ಲ ಕೂಡಿದ ವಾಸನೆ ಒಟ್ಟಿಗೆ ಮುಖಕ್ಕೆ ರಾಚಿತು. ಮೂಗಿಗೆ ಕರವಸ್ತ್ರ ಒತ್ತಿಕೊಂಡು ಎರಡು ನಿಮಿಷ ನಿಂತ, ಮೂರನೆಯ ನಿಮಿಷಕ್ಕೆ ಹಿಂದಕ್ಕೆ ತಿರುಗಿದ. ಒಡಹುಟ್ಟಿದವಳು ದಿನಕ್ಕೆ ಎಂಟು ಗಂಟೆ ನಿಲ್ಲುವ ಜಾಗದಲ್ಲಿ ಈ ಮಹಾನುಭಾವನಿಗೆ ಮೂರು ನಿಮಿಷ ನಿಲ್ಲಲಾಗಲಿಲ್ಲ.

ಶುಕ್ರವಾರ ಓಟದ ಕೊನೆಯ ದಿನ. ಗುರುವಾರ ಸಂಜೆ ಅಕ್ಕನನ್ನು ಅಡುಗೆಮನೆಯ ಮೇಜಿನ ಮುಂದೆ ಕೂರಿಸಿ ಟ್ಯಾಬ್ ಕೈಗಿತ್ತ. ಅವಳು ಸ್ನಾನ ಮಾಡಿ ಬಂದಿದ್ದಳು, ತೊಳೆದ ಬೆರಳಲ್ಲಿ ಪಟಪಟನೆ ಒತ್ತಿದಳು.

"ಅಯ್ಯೋ, ಇಷ್ಟೇನಾ? ಕಣ್ಮುಚ್ಚಿಕೊಂಡು ಒತ್ತಬಹುದಲ್ಲೋ! ಸೀಮೆಸುಣ್ಣದ ಧೂಳಿಂದ ಬದುಕಿಕೊಂಡ್ವಿ ಬಿಡು" ಎಂದು ನಕ್ಕಳು. ಆಮೇಲೆ ಬೆರಳನ್ನು ಪರದೆಯ ಮೇಲೆ ಹಿಡಿದು ಕೇಳಿದಳು. "ಅಲ್ಲ ಮರಿ, ನಾವು ಮೊಣಕೈವರೆಗೂ ದಪ್ಪ ರಬ್ಬರ್ ಗ್ಲೌಸ್ ಹಾಕಿರ್ತೀವಿ. ಆಗ್ಲೂ ಇದು ಕೆಲ್ಸ ಮಾಡತ್ತಾ?"

"ಅದು ಮುಂದಿನ ಓಟದಲ್ಲಿ ನೋಡ್ತೀವಿ ಅಕ್ಕಾ."

"ನೀನು ನೋಡ್ಕೋತೀಯ ಅಂದ್ರೆ ಸರಿ" ಎಂದು ಎದ್ದುಹೋದಳು. ಅವಳಿಗೆ ತಮ್ಮನ ಮಾತೆಂದರೆ ಅಷ್ಟು ನಂಬಿಕೆ.

ಅವನು ನಮೂನೆ ತುಂಬಿಸಲು ಕೂತ. ಬಳಕೆದಾರರು ಮೂವರು ಬೇಕು, ಕೂತಿದ್ದವಳು ಒಬ್ಬಳೇ. ಒಬ್ಬಳನ್ನೇ ಮೂವರು ಮಾಡಿದ. ಮೊದಲನೆಯವರಿಗೆ ಮೂವತ್ತೆಂಟು ವಯಸ್ಸು, 'ಕಣ್ಮುಚ್ಚಿಕೊಂಡು ಒತ್ತಬಹುದು ಎಂದರು'. ಎರಡನೆಯವರಿಗೆ ನಲವತ್ತೇಳು, 'ಸೀಮೆಸುಣ್ಣದ ಧೂಳಿನಿಂದ ಬದುಕಿಕೊಂಡೆವು ಎಂದರು'. ಮೂರನೆಯವರಿಗೆ ಐವತ್ತೆರಡು. ಅವರ ಬಾಯಿಗೆ ಹಾಕಲು ಅಕ್ಕನ ಮಾತು ಉಳಿದಿರಲಿಲ್ಲ, ಆದ್ದರಿಂದ ಸ್ವಂತದ್ದು ಬರೆದ. ಕೊನೆಯ ಪ್ರಶ್ನೆ ತನ್ನದೇ ಕೈಯಿಂದ ಬಂದದ್ದು, 'ಕೆಲಸದ ಉಡುಪಿನಲ್ಲೇ ಪರೀಕ್ಷಿಸಿದ್ದೀರಾ?' ಪೆನ್ಸಿಲ್ 'ಹೌದು' ಎಂದು ಗುರುತು ಹಾಕಿದ. ಮರುದಿನ ಬೆಳಿಗ್ಗೆ ಆಫೀಸಿಗೆ ಹೋಗಿ ಗ್ಲೌಸಿನ ಪ್ರಶ್ನೆಯನ್ನು ಒಂದು ಚೀಟಿಯ ಮೇಲೆ ಬರೆದು 'ಮಾಡಬೇಕಾದದ್ದು' ಸಾಲಿನ ತಳಕ್ಕೆ ಅಂಟಿಸಿ ಕೈ ತೊಳೆದುಕೊಂಡ. ತಿಪ್ಪೆ ಸಾರಿಸುವುದೆಂದರೆ ಇದೇ, ನೋಡಿ. ಶುಕ್ರವಾರ ಎಲ್ಲರೂ ಚಪ್ಪಾಳೆ ತಟ್ಟಿದರು.

ಟ್ಯಾಬ್ ಬಂದ ಮೂರನೆಯ ವಾರ ಅಕ್ಕ ಮಧ್ಯಾಹ್ನವೇ ಮನೆಗೆ ಬಂದಳು. ಸಂಜೆ ಅವನು ಆಫೀಸಿನಿಂದ ಬಂದು ನೋಡಿದರೆ ಅವಳ ಬಲಗೈ ತೋರುಬೆರಳಿಗೆ ಬ್ಯಾಂಡೇಜು.

"ಹಾಳಾದ್ದು, ಗ್ಲೌಸಲ್ಲಿ ಒತ್ತಿದ್ರೆ ಅಲ್ಲಾಡಲ್ಲ. ಪ್ರತಿ ಗಂಟಿಗೂ ಕಳಚು, ಒತ್ತು, ಹಾಕ್ಕೋ. ಗಂಟುಗಳು ರಾಶಿ ಬಿದ್ದಿದ್ವು, ಒಂದ್ಸಲ ಕಳಚಿದ ಕೈಯಲ್ಲೇ ಎತ್ತಿದೆ. ಬಟ್ಟೆ ಒಳಗೆ ಯಾರೋ ಸೂಜಿ ಬಿಟ್ಟಿದ್ರು. ಯಾವ ರೋಗಿದೋ ಏನೋ. ಸೋಂಕು ತಗುಲಿದೆಯಾ ಅಂತ ರಕ್ತ ತಗೊಂಡಿದ್ದಾರೆ, ಆರು ವಾರಕ್ಕೆ ಇನ್ನೊಂದ್ಸಲ, ಮೂರು ತಿಂಗಳಿಗೆ ಮತ್ತೊಂದ್ಸಲ ನೋಡ್ತಾರಂತೆ" ಎಂದಳು. ಅವನನ್ನು ಒಂದು ಮಾತೂ ಅನ್ನಲಿಲ್ಲ. 'ತಪ್ಪು ನನ್ನದು ಅಕ್ಕಾ' ಎಂಬ ಮೂರೇ ಮಾತು ಹೇಳಬೇಕಿತ್ತು, ಹೇಳುವ ಬದಲು ಒಂದು ಲೋಟ ನೀರು ತಂದುಕೊಟ್ಟ.

ನಿಯಮ ಮುರಿದು ಗ್ಲೌಸು ಕಳಚಿದಳೆಂದು ಆಸ್ಪತ್ರೆಯವರು ವಿಚಾರಣೆಗೆ ಕರೆದರು. ತಪ್ಪು ಸಾಬೀತಾದರೆ ಕೆಲಸ ಹೋಗುತ್ತದೆ, ಚಿಕಿತ್ಸೆಯ ಹೊಣೆಯೂ ಅವಳ ಮೇಲೇ. ಯಂತ್ರ ಸರಿಯಿದೆಯೆಂದು ಹೇಳಲು ಕಂಪನಿಯ ಕಡೆಯಿಂದ ಒಬ್ಬರು ಬರಬೇಕಿತ್ತು. ಯಾರು ಹೋಗಬೇಕು? ಪರೀಕ್ಷೆ ಮಾಡಿದವನೇ.

ಉದ್ದನೆಯ ಮೇಜು. ತುದಿಯಲ್ಲಿ ಆಡಳಿತಾಧಿಕಾರಿಣಿ, ಒಂದು ಬದಿಗೆ ಲಾಂಡ್ರಿಯ ಮೇಲ್ವಿಚಾರಕ, ಗೋಡೆಗೊರಗಿ ಅಕ್ಕನ ಜೊತೆಯ ನಾಲ್ವರು ಹೆಂಗಸರು. ಅಕ್ಕನ ಎದುರಿನ ಕುರ್ಚಿಯಲ್ಲೇ ಪೆನ್ಸಿಲ್. ಅಧಿಕಾರಿಣಿ ಅವನ ನಮೂನೆಯನ್ನು ಗಟ್ಟಿಯಾಗಿ ಓದತೊಡಗಿದಳು.

"ಮೊದಲನೇ ಬಳಕೆದಾರರು, ಕಣ್ಮುಚ್ಚಿಕೊಂಡು ಒತ್ತಬಹುದು ಎಂದರು. ಎರಡನೆಯವರು, ಸೀಮೆಸುಣ್ಣದ ಧೂಳಿನಿಂದ ಬದುಕಿಕೊಂಡೆವು ಎಂದರು. ಮೂರನೆಯವರು, ಗ್ಲೌಸ್ ಹಾಕಿದ್ದರೂ ಏನೂ ತೊಂದರೆಯಿಲ್ಲ ಎಂದರು." ಓದು ನಿಲ್ಲಿಸಿ ಅಕ್ಕನ ಕಡೆ ನೋಡಿದಳು. "ನಿಮ್ಮವರೇ ಮೂರು ಜನ ಸರಿಯಿದೆ ಅಂದಿದ್ದಾರೆ. ನಿಮಗೊಬ್ಬರಿಗೆ ಮಾತ್ರ ಕಳಚಬೇಕಾಯ್ತಾ?"

ಅಕ್ಕ ಮೆಲ್ಲನೆ ತಲೆಯೆತ್ತಿದಳು. ತನ್ನ ಮಾತು ತನಗೆ ಗೊತ್ತಾಗದೇ? ತಮ್ಮನ ಮುಖವನ್ನೊಮ್ಮೆ ನೋಡಿದಳು. ಬೈಗುಳವಿದ್ದಿದ್ದರೆ ಅವನು ತಡೆದುಕೊಳ್ಳುತ್ತಿದ್ದ. ಅವಳ ಕಣ್ಣಲ್ಲಿದ್ದುದು ಅವನ ಬಗೆಗಿನ ಹೆದರಿಕೆ, ಇವನ ಗತಿ ಏನಾದೀತೆಂಬ ಹೆದರಿಕೆ.

"ತಪ್ಪಾಯ್ತು ಮೇಡಂ" ಎಂದಳು ಅಕ್ಕ. "ಆತುರದಲ್ಲಿ ನಾನೇ ಕಳಚಿದೆ."

ಮೇಲ್ವಿಚಾರಕ ಕಾಗದ ಮುಂದೆ ತಳ್ಳಿದ. ಅವಳು ಬ್ಯಾಂಡೇಜಿನ ಬೆರಳಿಗೆ ಪೆನ್ನು ಒಗ್ಗದೆ ಎಡಗೈಗೆ ಬದಲಿಸಿಕೊಂಡು ಬಗ್ಗಿದಳು. ನೆಲ ಬಾಯಿಬಿಡಬಾರದೇ ಎನಿಸಿತು ಅವನಿಗೆ. ನೆಲ ಯಾರಿಗೂ ಹಾಗೆ ಸುಲಭಕ್ಕೆ ಬಾಯಿಬಿಡುವುದಿಲ್ಲ. ಬಿಡಬೇಕಾದದ್ದು ಅವನ ಬಾಯಿ.

"ಸಹಿ ಹಾಕ್ಬೇಡ ಅಕ್ಕಾ" ಎಂದ. "ಆ ಮೂರು ಜನ ಇಲ್ಲ ಮೇಡಂ. ಮೂರೂ ಇವಳೇ. ಇವಳು ನನ್ನ ಅಕ್ಕ. ಮನೇಲಿ ಕೂರಿಸಿ ಕೇಳಿದೆ. ಗ್ಲೌಸಲ್ಲಿ ಕೆಲ್ಸ ಮಾಡತ್ತಾ ಅಂತ ಮೊದಲು ಕೇಳಿದ್ದೇ ಇವಳು. ಮೂರನೇದು ನಾನೇ ಹುಟ್ಟಿಸಿ ಬರೆದದ್ದು."

"ಇಲ್ಲಿಗೆ ಬರಲೇ ಇಲ್ವಾ? ಗೇಟಿನ ಪುಸ್ತಕದಲ್ಲಿ ನಿಮ್ಮ ಸಹಿ ಇದೆಯಲ್ಲ?"

ಸಮಯ ಸಾಲಲಿಲ್ಲ ಎಂದುಬಿಡಬಹುದಿತ್ತು. ಎರಡು ವಾರದ ಓಟದ ಮೇಲೆ ಎಲ್ಲವನ್ನೂ ಹೊರಿಸಬಹುದಿತ್ತು. ಗೋಡೆಗೊರಗಿದ್ದ ನಾಲ್ವರೂ ಅವನನ್ನೇ ನೋಡುತ್ತಿದ್ದರು.

"ಬಾಗಿಲ ತನಕ ಬಂದಿದ್ದೆ. ವಾಸನೆ ತಡೆಯೋಕಾಗ್ಲಿಲ್ಲ. ವಾಪಸ್ ಹೋದೆ."

ಹೆಂಗಸರಲ್ಲಿ ಒಬ್ಬಳು ತನ್ನ ತೋಳನ್ನು ಮೂಗಿಗೆ ತಂದು ಮೂಸಿಕೊಂಡಳು, ಪಕ್ಕದವಳು ಅವಳ ಕೈಯನ್ನು ಕೆಳಗೆ ಎಳೆದಳು. ಅವನು ಅದನ್ನು ಕಂಡ. ಕಾಣದಿದ್ದರೆ ಚೆನ್ನಾಗಿತ್ತು.

ಅಕ್ಕನ ಕೆಲಸ ಉಳಿಯಿತು. ಚಿಕಿತ್ಸೆಯನ್ನು ಆಸ್ಪತ್ರೆಯೇ ವಹಿಸಿಕೊಂಡಿತು. ಮೊದಲ ರಕ್ತಪರೀಕ್ಷೆಯಲ್ಲಿ ಏನೂ ಕಾಣಲಿಲ್ಲ, ಮುಂದಿನದಕ್ಕೆ ಕಾಯಬೇಕು. ಟ್ಯಾಬುಗಳನ್ನು ಬಿಚ್ಚಿ ಒಯ್ದರು. ಮುಖ್ಯಸ್ಥೆ ಅವನನ್ನು ಕೆಲಸದಿಂದ ತೆಗೆಯಲಿಲ್ಲ. ತಂಡದ ಮುಂದೆ ನಿಲ್ಲಿಸಿ ನಮೂನೆಯನ್ನು ಅವನ ಕೈಯಿಂದಲೇ ಓದಿಸಿದಳು.

ಮುಟ್ಟಿದರೆ ಏನೂ ಅಂಟುವುದಿಲ್ಲ ಎಂದು ನರ್ಸು ಅಕ್ಕನಿಗೆ ನೂರು ಸಲ ಹೇಳಿದ್ದಳು. ಅಕ್ಕ ಹೂಂ ಎಂದಳು, ಮನೆಗೆ ಬಂದು ತನ್ನ ತಟ್ಟೆ ಲೋಟ ಬೇರೆ ಇಟ್ಟುಕೊಂಡಳು. ಭಾನುವಾರ ಬೆಳಿಗ್ಗೆ ಪೆನ್ಸಿಲ್‌ನ ಮಗಳು ಬಾಚಣಿಗೆ ಹಿಡಿದು ಹಿಂದಿನ ಕೋಣೆಗೆ ಓಡಿದಳು, ಅಷ್ಟೇ ಬೇಗ ಪೆಚ್ಚುಮೋರೆ ಹಾಕಿಕೊಂಡು ಬಂದಳು.

"ಅಪ್ಪಾ, ಅತ್ತೆ ಜಡೆ ಹಾಕಲ್ಲಂತೆ. ನನ್ನ ಮುಟ್ಟೋದೇ ಇಲ್ಲಂತೆ. ನಾನೇನು ಮಾಡ್ದೆ?"

"ನೀನೇನೂ ಮಾಡಿಲ್ಲ ಪುಟ್ಟಿ. ಅತ್ತೆ ಬೆರಳಿಗೆ ಗಾಯ ಆಗಿದೆಯಲ್ಲ, ಅದಕ್ಕೆ ಹೆದರಿದ್ದಾಳೆ."

"ಗಾಯ ಯಾಕಾಯ್ತು?"

ಆಫೀಸಿನಲ್ಲಿ ಹೇಳಿದ್ದ, ಆಸ್ಪತ್ರೆಯಲ್ಲಿ ಹೇಳಿದ್ದ. ಮನೆಯಲ್ಲಿ ಇನ್ನೂ ಹೇಳಿರಲಿಲ್ಲ. ಮಗಳು ಬಾಚಣಿಗೆ ಹಿಡಿದು ಕಾಯುತ್ತಲೇ ನಿಂತಿದ್ದಳು.

"ನಾನು ಒಂದು ಸುಳ್ಳು ಬರೆದೆ" ಎಂದ. "ಅದರಿಂದ."

ಮಗಳು ಬಾಚಣಿಗೆ ಹಿಡಿದೇ ಹೋಗಿ ಹಿಂದಿನ ಕೋಣೆಯ ಮುಚ್ಚಿದ ಬಾಗಿಲಿಗೆ ಒರಗಿ ನೆಲದ ಮೇಲೆ ಕೂತಳು.

"ಇಲ್ಲಿ ಕೂರಬೇಡ ಚಿನ್ನ, ಅಪ್ಪನ ಹತ್ರ ಹೋಗು" ಎಂದು ಒಳಗಿನಿಂದ ಅಕ್ಕ ಹೇಳಿದಳು. "ಅಪ್ಪ ಜಡೆ ಹಾಕ್ತಾನೆ."

"ಬೇಡ" ಎಂದಳು ಮಗಳು.